ಮಗು ‘ಕಾಗೆ’ಯನ್ನು ‘ತಾದೆ’ ಎನ್ನುತ್ತದೆ, ತಿದ್ದಬೇಕೇ?

ಪ್ರಶ್ನೆ: ನನ್ನ ಎರಡೂವರೆ ವರ್ಷದ ಮಗಳು ಕಾಗೆಗೆ ‘ತಾದೆ’, ಗಿಳಿಗೆ ‘ದಿಲಿ’, ಕುದುರೆಗೆ ‘ತುದುಲೆ’ ಎನ್ನುತ್ತಾಳೆ. ಎಷ್ಟು ಸಲ ಹೇಳಿಕೊಟ್ಟರೂ ತಿದ್ದಿಕೊಳ್ಳುತ್ತಿಲ್ಲ. ಏನು ಮಾಡಲಿ?

ಉತ್ತರ: ಹೇಳಿಸುವುದನ್ನು ನಿಲ್ಲಿಸಿ. ಈ ಪ್ರಶ್ನೆಗೆ ಎಷ್ಟು ಬಾರಿ ಉತ್ತರ ಬರೆದಿದ್ದೇನೋ ಲೆಕ್ಕವಿಲ್ಲ. ಆದರೂ ಅದರ ಬೆನ್ನಿಗೆ ಅಂಟಿಕೊಂಡಿರುವ ಒಂದು ನಂಬಿಕೆ ಮಾತ್ರ ಅಲುಗಾಡುವುದೇ ಇಲ್ಲ: ‘ಮಗು ಸರಿಯಾಗಿ ಕೇಳಿಸಿಕೊಂಡಿಲ್ಲ, ಅದಕ್ಕೇ ತಪ್ಪು ಹೇಳುತ್ತದೆ, ಒತ್ತಿ ಒತ್ತಿ ಹೇಳಿಸಿದರೆ ಸರಿಹೋಗುತ್ತದೆ’ ಎಂಬುದು.

ನಿಮ್ಮ ಮಗಳ ಪದಗಳನ್ನೇ ವರ್ಣಮಾಲೆಯ ಪಕ್ಕದಲ್ಲಿಟ್ಟು ನೋಡಿ. ‘ಕ’ ಬರಬೇಕಾದಲ್ಲಿ ‘ತ’ ಬಂದಿದೆ, ‘ಗ’ ಬರಬೇಕಾದಲ್ಲಿ ‘ದ’ ಬಂದಿದೆ. ಕವರ್ಗದ ಮೊದಲ ಅಕ್ಷರಕ್ಕೆ ತವರ್ಗದ ಮೊದಲನೆಯದು, ಮೂರನೆಯದಕ್ಕೆ ಮೂರನೆಯದು! ಅಡ್ಡಾದಿಡ್ಡಿಯಾಗಿ ಕೇಳಿಸಿಕೊಂಡ ಮಗು ಇಷ್ಟು ಶಿಸ್ತಾಗಿ ತಪ್ಪಲು ಸಾಧ್ಯವೇ? ‘ಕ’ ಹೇಳಲು ನಾಲಗೆಯ ಹಿಂಭಾಗ ಮೇಲೆದ್ದು ಅಂಗುಳಕ್ಕೆ ತಾಗಬೇಕು. ಅದು ಇನ್ನೂ ಪಳಗಿಲ್ಲ, ತುದಿ ಪಳಗಿದೆ. ಹಾಗಾಗಿ ಮಗು ಹಿಂದಿನ ಕೆಲಸವನ್ನು ತುದಿಗೆ ವಹಿಸಿ, ಘೋಷ–ಅಘೋಷಗಳ (ಗಂಟಲು ಅದುರಿ ಹುಟ್ಟುವ ‘ಗ’, ‘ದ’ ಮತ್ತು ಅದುರದೆ ಹುಟ್ಟುವ ‘ಕ’, ‘ತ’ಗಳ) ವ್ಯತ್ಯಾಸವನ್ನು ಮಾತ್ರ ಜೋಪಾನವಾಗಿ ಉಳಿಸಿಕೊಂಡಿದೆ. ಇದನ್ನು ತಪ್ಪು ಎಂದು ಕರೆಯಲು ನನಗೆ ಮನಸ್ಸೇ ಬರುವುದಿಲ್ಲ.

ಕಿವಿಯ ಮೇಲಿನ ಆರೋಪಕ್ಕೆ 1960ರಲ್ಲೇ ಉತ್ತರ ಸಿಕ್ಕಿದೆ. ಮಕ್ಕಳ ಭಾಷೆಯ ಸಂಶೋಧಕರಾದ ಜೀನ್ ಬರ್ಕೊ ಮತ್ತು ರೋಜರ್ ಬ್ರೌನ್ ದಾಖಲಿಸಿದ ಮಗುವೊಂದು ತನ್ನ ಆಟಿಕೆ ಮೀನನ್ನು ‘ಫಿಶ್’ ಎನ್ನುವ ಬದಲು ‘ಫಿಸ್’ ಎನ್ನುತ್ತಿತ್ತು. ‘ಇದು ನಿನ್ನ ಫಿಸ್ ಅಲ್ಲವೇ?’ ಎಂದು ದೊಡ್ಡವರು ಕೇಳಿದರೆ ‘ಅಲ್ಲ, ನನ್ನ ಫಿಸ್’ ಎಂದು ಪಟ್ಟು ಹಿಡಿಯಿತು. ‘ನಿನ್ನ ಫಿಶ್’ ಎಂದ ಮೇಲೆಯೇ ಒಪ್ಪಿಕೊಂಡು, ‘ಹೌದು, ನನ್ನ ಫಿಸ್’ ಎಂದಿತು. ನೀವೂ ಒಮ್ಮೆ ‘ತಾದೆ ಎಲ್ಲಿ?’ ಎಂದು ಕೇಳಿ ನೋಡಿ. ಮಗಳು ನಿಮ್ಮನ್ನೇ ತಿದ್ದಲು ಹೊರಟರೆ ಆಶ್ಚರ್ಯಪಡಬೇಡಿ. ಪದದ ಸರಿಯಾದ ರೂಪ ತಲೆಯಲ್ಲಿದೆ, ನಾಲಗೆಗೆ ಇನ್ನೂ ಇಳಿದಿಲ್ಲ. ಹೀಗಿರುವಾಗ ಎದುರಿಗೆ ಕೂರಿಸಿಕೊಂಡು ‘ಕಾ... ಕಾ... ಹೇಳು’ ಎಂದು ಕಾಡಿದರೆ ಮಗು ಬಾಯಿ ಮುಚ್ಚಿಕೊಳ್ಳುವುದನ್ನು ಕಲಿತೀತು, ಅಷ್ಟೇ.

ಮಗು ‘ತಾದೆ ಹೋಯ್ತು’ ಎಂದಾಗ ‘ಹೌದು, ಕಾಗೆ ಹಾರಿಹೋಯಿತು’ ಎಂದು ಮಾತು ಮುಂದುವರಿಸಿ. ಮುದ್ದಿಗೆಂದು ನೀವೂ ‘ತಾದೆ’ ಎನ್ನುತ್ತಾ ಕೂರಬೇಡಿ. ಸರಿಯಾದ ಉಚ್ಚಾರ ಅದರ ಕಿವಿಗೆ ಬೀಳುತ್ತಲೇ ಇರಬೇಕು. ‘ಕ’ವರ್ಗ ಸಾಮಾನ್ಯವಾಗಿ ನಾಲ್ಕು ವರ್ಷದೊಳಗೆ ಕೂಡಿಬರುತ್ತದೆ. ‘ರ’ ಇನ್ನೂ ತಡವಾಗಬಹುದು, ಏಕೆಂದರೆ ಅದಕ್ಕೆ ನಾಲಗೆಯ ತುದಿ ಗಾಳಿಯ ರಭಸಕ್ಕೆ ಅದುರಬೇಕು. ನಾಲ್ಕು ವರ್ಷವಾದರೂ ಹೊರಗಿನವರಿಗೆ ಮಾತು ಬಹುಪಾಲು ಅರ್ಥವಾಗದಿದ್ದರೆ, ಎರಡು ವರ್ಷ ತುಂಬಿದರೂ ಎರಡು ಪದ ಜೋಡಿಸದಿದ್ದರೆ, ಕರೆದರೆ ತಿರುಗದಿದ್ದರೆ ತಡಮಾಡದೆ ಶ್ರವಣ ಪರೀಕ್ಷೆ ಮಾಡಿಸಿ, ವಾಕ್ ತಜ್ಞರಿಗೆ ತೋರಿಸಿ.

ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ: ಮೊದಲು ಸರಿಯಾಗಿ ಹೇಳುತ್ತಿದ್ದ ಪದವೊಂದು ಆಮೇಲೆ ಕೆಡುವುದೂ ಉಂಟು. ಭಾಷಾವಿಜ್ಞಾನಿ ವರ್ನರ್ ಲಿಯೋಪೋಲ್ಡ್ ತಮ್ಮ ಮಗಳು ಹಿಲ್ಡೆಗಾರ್ಡ್‌ಳ ಮಾತನ್ನು ದಿನಚರಿಯಾಗಿ ಬರೆದಿಟ್ಟರು. ವರ್ಷ ತುಂಬುವ ಮೊದಲೇ ‘ಪ್ರಿಟಿ’ (ಚೆಂದ) ಎಂಬ ಇಂಗ್ಲಿಷ್ ಪದವನ್ನು ಹೆಚ್ಚುಕಡಿಮೆ ಸರಿಯಾಗಿ ನುಡಿದ ಆ ಮಗು, ಎರಡು ವರ್ಷದ ಹೊತ್ತಿಗೆ ‘ಬಿಡಿ’ ಎನ್ನತೊಡಗಿತ್ತು. ಮೊದಲು ಅದು ಪದವನ್ನು ಇಡಿಯಾಗಿ ಅನುಕರಿಸಿತ್ತು; ಪದಸಂಪತ್ತು ಬೆಳೆದಂತೆ ತನ್ನದೇ ಉಚ್ಚಾರಣೆಯ ನಿಯಮಗಳನ್ನು ಕಟ್ಟಿಕೊಂಡು, ಹಳೆಯ ಪದವನ್ನೂ ಅದಕ್ಕೆ ಒಗ್ಗಿಸಿತು. ಇಂಥ ಹಿನ್ನಡೆಗೆ ಹೆದರಬೇಡಿ. ಆದರೆ ಉಚ್ಚಾರ ಬದಲಾಗುವುದು ಬೇರೆ, ಆಡುತ್ತಿದ್ದ ಮಾತೇ ನಿಂತುಹೋಗುವುದು ಬೇರೆ. ಬಂದ ಪದಗಳು ಒಂದೊಂದಾಗಿ ಕಳೆದುಹೋಗುತ್ತಿದ್ದರೆ, ವಯಸ್ಸು ಎಷ್ಟೇ ಇರಲಿ, ಕಾಯದೆ ಮಕ್ಕಳ ವೈದ್ಯರನ್ನು ಕಾಣಿ.