ಪದ ಪರಿಚಯ: ರೆಫರಲ್

ನಮ್ಮ ಮನೆ ನಾಯಿಗೆ ಬಲಗಣ್ಣಿನ ಕೆಳಗೆ ನೆಲ್ಲಿಕಾಯಿಯಷ್ಟು ಬಾವು ಬಂದಿತ್ತು. ಹುಳ ಏನಾದರೂ ಕಚ್ಚಿರಬೇಕು ಅಂದುಕೊಂಡೆವು. ಆಂಟಿಬಯಾಟಿಕ್ ಕೊಟ್ಟಾಗ ಇಳಿಯಿತು, ಮೂರು ವಾರಕ್ಕೆ ಮತ್ತೆ ಬಂತು. ಆಗ ನಮ್ಮ ಡಾಕ್ಟರು ಅದರ ತುಟಿ ಎತ್ತಿ, ಟಾರ್ಚ್ ಬಿಟ್ಟು ನೋಡಿ, "ಇದು ಹಲ್ಲಿಂದ ಬಂದಿದ್ದು. ರೆಫರ್ ಮಾಡ್ತೀನಿ" ಎಂದು ಒಂದು ಪತ್ರ ಬರೆದುಕೊಟ್ಟರು. ಅದರಲ್ಲಿ ದೊಡ್ಡದಾಗಿ '108' ಎಂದು ಬರೆದಿತ್ತು.

ರೆಫರಲ್ ಎಂದರೆ ಒಬ್ಬ ವೈದ್ಯರು ತಮ್ಮ ಹತ್ತಿರ ಬಂದ ಪ್ರಾಣಿಯನ್ನು, ಆ ಕೆಲಸದಲ್ಲಿ ಜಾಸ್ತಿ ಪಳಗಿದ ಇನ್ನೊಬ್ಬರ ಹತ್ತಿರ ಪೂರ್ತಿ ವಿವರದ ಜೊತೆ ಕಳಿಸುವುದು. ವಯಸ್ಸು, ತೂಕ, ಇದುವರೆಗೆ ಕೊಟ್ಟ ಔಷಧಿ, ರಕ್ತಪರೀಕ್ಷೆಯಲ್ಲಿ ಕಿಡ್ನಿ ಮತ್ತು ಲಿವರ್ ಹೇಗಿವೆ, ಹೃದಯದ ತೊಂದರೆ ಇದೆಯೇ, ಎಲ್ಲವೂ ಆ ಪತ್ರದಲ್ಲಿರಬೇಕು. ಸುಮ್ನೆ "ಬೇರೆ ಕಡೆ ತೋರಿಸಿ" ಅಂದರೆ ಅದು ರೆಫರಲ್ ಆಗುವುದಿಲ್ಲ. ನಮ್ಮಲ್ಲಿ ಎಷ್ಟೋ ಜನ ಇದನ್ನು 'ಸಾಗಹಾಕಿದರು' ಎಂದು ತಿಳಿದು ಬೇಜಾರು ಮಾಡಿಕೊಳ್ಳುತ್ತಾರೆ. ನನ್ನ ಪ್ರಕಾರ ಸರಿಯಾದ ಹೊತ್ತಿಗೆ ಬರೆದುಕೊಡುವ ಡಾಕ್ಟರೇ ಒಳ್ಳೆಯ ಡಾಕ್ಟರು.

ಈಗ ಆ 108. ಪಶುವೈದ್ಯರು ಬಾಯಿಯನ್ನು ನಾಲ್ಕು ಭಾಗ ಮಾಡಿ ಹಲ್ಲುಗಳಿಗೆ ನಂಬರ್ ಕೊಡುತ್ತಾರೆ. ಇದಕ್ಕೆ ಟ್ರಯಡಾನ್ ಪದ್ಧತಿ ಎನ್ನುತ್ತಾರೆ. ಮೇಲಿನ ಬಲಭಾಗಕ್ಕೆ 1, ಮೇಲಿನ ಎಡಕ್ಕೆ 2, ಕೆಳಗಿನ ಎಡಕ್ಕೆ 3, ಕೆಳಗಿನ ಬಲಕ್ಕೆ 4. ನಡುವಿನಿಂದ ಹಿಂದಕ್ಕೆ ಎಣಿಸುತ್ತಾ ಹೋದರೆ ನಾಲ್ಕನೆಯದು ಕೋರೆಹಲ್ಲು, ಮೇಲಿನ ಸಾಲಿನಲ್ಲಿ ಎಂಟನೆಯದು ಮಾಂಸ ಕತ್ತರಿಸುವ ದೊಡ್ಡ ಹಲ್ಲು. ಅಂದರೆ 108 ಎಂದರೆ ಮೇಲಿನ ಬಲಭಾಗದ ಎಂಟನೆಯ ಹಲ್ಲು, 208 ಮೇಲಿನ ಎಡಭಾಗದ್ದು. ನಾಯಿಯ 42 ಹಲ್ಲುಗಳಲ್ಲಿ ಈ 108 ಮತ್ತು 208ಕ್ಕೆ ಮೂರು ಮೂರು ಬೇರುಗಳಿವೆ. ಬೇರಿನ ತುದಿ ಕಣ್ಣಿಗೆ ಹತ್ತಿರ. ಗಟ್ಟಿ ಮೂಳೆ, ಜಿಂಕೆಕೊಂಬು ಕಡಿಯುವಾಗ ಈ ಹಲ್ಲಿನ ಹೊರಮೈ ಚಕ್ಕೆ ಎದ್ದು, ಒಳಗೆ ಸೋಂಕು ಸೇರಿ, ಬೇರಿನ ತುದಿಯಲ್ಲಿ ಕೀವು ಕಟ್ಟುತ್ತದೆ. ಬಾವು ಕಾಣುವುದು ಮಾತ್ರ ಕಣ್ಣಿನ ಕೆಳಗೆ! ಮಾತ್ರೆಗೆ ಇಳಿಯುತ್ತದೆ, ಬೇರು ಹಾಗೇ ಇರುವುದರಿಂದ ಮತ್ತೆ ಬರುತ್ತದೆ. (ಉಗುರಿನಿಂದ ಒತ್ತಿದರೆ ಗುರುತು ಬೀಳದಷ್ಟು ಗಟ್ಟಿಯಾದ ಯಾವುದನ್ನೂ ನಾಯಿಗೆ ಕಡಿಯಲು ಕೊಡಬೇಡಿ.)

ಇಂಥ ಹಲ್ಲನ್ನು ಇಕ್ಕಳ ಹಾಕಿ ಎಳೆಯಲು ಆಗುವುದಿಲ್ಲ. ಮೂರು ತುಂಡು ಮಾಡಿ, ಒಂದೊಂದು ಬೇರನ್ನೂ ಬೇರೆಯಾಗಿ ತೆಗೆಯಬೇಕು. ಉಳಿಸಿಕೊಳ್ಳುವಂತಿದ್ದರೆ ರೂಟ್ ಕೆನಾಲ್. ಎರಡಕ್ಕೂ ಮೊದಲು ಹಲ್ಲಿನ ಎಕ್ಸ್‌ರೇ ಬೇಕು, ಅದಕ್ಕೆ ಪೂರ್ತಿ ಅರಿವಳಿಕೆ ಬೇಕು. ಗಂಟಲಲ್ಲಿ ಕೊಳವೆ ಇಡುವುದು ನೀರು, ರಕ್ತ ಶ್ವಾಸಕೋಶಕ್ಕೆ ಇಳಿಯದಿರಲಿ ಎಂದು. ಈ ಸಲಕರಣೆ, ಈ ಕೈಚಳಕ ಎಲ್ಲ ಕ್ಲಿನಿಕ್‌ಗಳಲ್ಲೂ ಇರುವುದಿಲ್ಲ ಅಲ್ವಾ? ಅದಕ್ಕೇ ರೆಫರಲ್. ಅಮೆರಿಕದಲ್ಲಿ ಪ್ರಾಣಿಗಳ ದಂತತಜ್ಞರಿಗೆಂದೇ 1988ರಿಂದ ಬೇರೆ ಸಂಸ್ಥೆಯಿದೆ, ವರ್ಷಗಟ್ಟಲೆ ತರಬೇತಿ ಪಡೆದು ಪರೀಕ್ಷೆ ಪಾಸಾಗಬೇಕು. ನಮ್ಮಲ್ಲಿ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆ ಓದಿದ ಪಶುವೈದ್ಯರ ಹತ್ತಿರ, ಇಲ್ಲವೇ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಬರೆದುಕೊಡುತ್ತಾರೆ.

ಅರಿವಳಿಕೆ ಇಲ್ಲದೆ ಹಲ್ಲು ಕ್ಲೀನ್ ಮಾಡಿಕೊಡುತ್ತೇವೆ ಎನ್ನುವವರೂ ಇದ್ದಾರೆ. ಹೊರಗೆ ಬಿಳಿ ಕಾಣುತ್ತದೆ, ವಸಡಿನ ಒಳಗಿನ ಕಾಯಿಲೆ ಹಾಗೇ ಉಳಿಯುತ್ತದೆ. ಬೆಕ್ಕುಗಳಲ್ಲಂತೂ ಹಲ್ಲು ಒಳಗೊಳಗೇ ಕರಗಿಹೋಗುವ ಕಾಯಿಲೆ ಉಂಟು, ಎಕ್ಸ್‌ರೇ ಇಲ್ಲದೆ ಅದರ ಆಳ ತಿಳಿಯುವುದಿಲ್ಲ.

ನೋವಿದ್ದರೆ ಊಟ ಬಿಡುತ್ತದೆ ಎಂದು ಕಾಯಬೇಡಿ. ನಮ್ಮದು ಒಂದು ಹೊತ್ತೂ ಊಟ ಬಿಡಲಿಲ್ಲ. ಒಂದೇ ಕಡೆ ಅಗಿಯುತ್ತಿತ್ತು, ತುತ್ತು ಕೆಳಗೆ ಬೀಳಿಸುತ್ತಿತ್ತು, ಬಾಯಿ ವಾಸನೆ ಬರುತ್ತಿತ್ತು. ನಾವು ಗಮನಿಸಲಿಲ್ಲ.

ಹಲ್ಲು ತೆಗೆದ ಮೇಲೆ ಅಲ್ಲಿಂದ ನಮ್ಮ ಡಾಕ್ಟರಿಗೆ ಮರುಪತ್ರ ಬಂತು: ಯಾವ ಬೇರು ಹೇಗಿತ್ತು, ಯಾವ ಹೊಲಿಗೆ, ಎಷ್ಟು ದಿನ ಮೆತ್ತಗಿನ ಊಟ. ಹೊಲಿಗೆ ನೋಡುವ ಕೆಲಸ ಮತ್ತೆ ನಮ್ಮ ಡಾಕ್ಟರದ್ದೇ. ಹದಿನೈದು ದಿನಕ್ಕೆ ನಾಯಿ ಎರಡೂ ಕಡೆ ಅಗಿಯತೊಡಗಿತು.