ವಾರಕ್ಕೆ ಒಂದೇ ತಪ್ಪು: ಕನ್ನಡದಲ್ಲಿ ಮೇನ್ಸ್ ಬರೆಯುವವರಿಗೆ ಒಂದು ಟಿಪ್ಪಣಿ

ಯುಪಿಎಸ್‌ಸಿ ಮೇನ್ಸ್‌ಗೆ, ಅಂದರೆ ಐಎಎಸ್‌ನಂಥ ಹುದ್ದೆಗಳಿಗೆ ನಡೆಯುವ ನಾಗರಿಕ ಸೇವಾ ಪರೀಕ್ಷೆಯ ಮುಖ್ಯ ಲಿಖಿತ ಹಂತಕ್ಕೆ, ತಯಾರಿ ಅಂತ ಆರು ತಿಂಗಳು ಪ್ರತಿ ಭಾನುವಾರ ಒಂದೊಂದು ಪ್ರಬಂಧ ಬರೆದೆ. ನಡುವೆ ತಪ್ಪಿದ ವಾರ ಬಿಟ್ಟು 24 ಆದವು. ಒಂದು ದಿನ ಧಾರವಾಡದ ನನ್ನ ರೂಮಿನಲ್ಲಿ ಮೊದಲನೆಯದನ್ನೂ ಕೊನೆಯದನ್ನೂ ಪಕ್ಕಪಕ್ಕ ಇಟ್ಟು ಓದಿದೆ. ವಿಷಯ ಬೇರೆ ಬೇರೆ, ತಪ್ಪು ಮಾತ್ರ ಅವೇ. ಅದೇ ಉದ್ದುದ್ದ ವಾಕ್ಯ. ಅದೇ ‘ಮಾಡಲಾಗುತ್ತದೆ’. ಅದೇ ‘ಇಂದಿನ ಆಧುನಿಕ ಯುಗದಲ್ಲಿ’ ಅನ್ನುವ ಶುರು. ಕೈ ಚುರುಕಾಗಿತ್ತು, ಬರಹ ಇದ್ದಲ್ಲೇ ಇತ್ತು. ಅವತ್ತು ತುಂಬಾ ಬೇಜಾರಾಯಿತು.

ದಿನಾ ಬರೆಯಿರಿ, ತಾನಾಗಿಯೇ ಬರುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಬರೆಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬರೆದದ್ದನ್ನು ತಿದ್ದದೆ ಸುಮ್ನೆ ಮುಂದಕ್ಕೆ ಹೋದರೆ ತಪ್ಪೇ ಕೈಗೆ ಕೂತುಬಿಡುತ್ತದೆ. ಅದಾದ ಮೇಲೆ ನಾನು ಕ್ರಮ ಬದಲಿಸಿದೆ. ಒಂದು ವಾರ ಒಂದೇ ತಪ್ಪನ್ನು ಹಿಡಿದುಕೊಳ್ಳುವುದು. ದಿನಕ್ಕೆ ಒಂದೇ ಪ್ಯಾರಾ ಬರೆಯುವುದು. ಬರೆಯಲು 15 ನಿಮಿಷ, ತಿದ್ದಿ ಮತ್ತೆ ಬರೆಯಲು 25 ನಿಮಿಷ. ಬರೆಯುವುದಕ್ಕಿಂತ ತಿದ್ದಲು ಜಾಸ್ತಿ ಹೊತ್ತು ಬೇಕು ಅನ್ನುವುದನ್ನು ನಾನು ತಡವಾಗಿ ಕಲಿತೆ.

ಹೊಸಬರಿಗೆ ಮೊದಲು ಪತ್ರಿಕೆಯ ಲೆಕ್ಕ. ಯುಪಿಎಸ್‌ಸಿ ಮೇನ್ಸ್‌ನಲ್ಲಿ ಪ್ರಬಂಧ ಪತ್ರಿಕೆಗೆ 250 ಅಂಕ, 3 ಗಂಟೆ. ಎರಡು ವಿಭಾಗದಿಂದ ಒಂದೊಂದು ವಿಷಯ ಆರಿಸಿ ಎರಡು ಪ್ರಬಂಧ, ತಲಾ 1000ದಿಂದ 1200 ಪದ. ಅದನ್ನು ಕನ್ನಡದಲ್ಲೇ ಬರೆಯಬಹುದು. ಕಡ್ಡಾಯ ಭಾಷಾ ಪತ್ರಿಕೆಗೆ ಕನ್ನಡ ತೆಗೆದುಕೊಂಡರೆ ಅದು 300 ಅಂಕದ್ದು, ಬರೀ ಪಾಸಾಗಲು 25% ಸಾಕು. ಅದರಲ್ಲಿ ಪ್ರಬಂಧಕ್ಕೆ 100, ಗ್ರಹಿಕೆಗೆ 60, ಸಂಕ್ಷೇಪಕ್ಕೆ 60, ಉಳಿದದ್ದು ಅನುವಾದ ಮತ್ತು ವ್ಯಾಕರಣ. ಪಾಸಾದರೆ ಸಾಕು ಅಂತ ಸಂಕ್ಷೇಪವನ್ನು ಬದಿಗೆ ಸರಿಸುವವರೇ ಹೆಚ್ಚು. ನನ್ನ ಅನುಭವದಲ್ಲಿ ಬರವಣಿಗೆ ಸುಧಾರಿಸಲು ಅದರಷ್ಟು ಒಳ್ಳೆಯ ಕಸರತ್ತು ಇನ್ನೊಂದಿಲ್ಲ. ಕೊಟ್ಟದ್ದನ್ನು ಮೂರನೇ ಒಂದು ಭಾಗಕ್ಕೆ ಇಳಿಸಬೇಕು, ಅರ್ಥ ಕೆಡಬಾರದು. ಯಾವ ಪದ ಕೆಲಸ ಮಾಡುತ್ತಿದೆ, ಯಾವುದು ಸುಮ್ನೆ ಕೂತಿದೆ ಅಂತ ಆಗ ಕಣ್ಣಿಗೆ ಕಾಣುತ್ತದೆ. ಬೇರೆಯವರ ಬರಹ ಯಾಕೆ, ನಮ್ಮದನ್ನೇ ಹಿಡಿದು ಕೂತರೆ ಇನ್ನೂ ಚೆನ್ನಾಗಿ ಕಾಣುತ್ತದೆ.

ನನ್ನ ಹಳೆಯ ನೋಟ್‌ಬುಕ್ಕಿನ ಒಂದು ಪ್ಯಾರಾ, ಇದ್ದ ಹಾಗೇ ಕೊಡುತ್ತೇನೆ:

“ಹಿಂದಿನ ಕಾಲದಲ್ಲಿ ನಮ್ಮ ಹಿರಿಯರಿಂದ ಕೆರೆಗಳು ಸರಣಿಯ ರೂಪದಲ್ಲಿ ನಿರ್ಮಾಣ ಮಾಡಲ್ಪಟ್ಟಿದ್ದವು. ಇದರ ಮೂಲಕ ಮೇಲ್ಭಾಗದ ಕೆರೆಯು ತುಂಬಿದ ನಂತರ ಅದರಲ್ಲಿನ ಹೆಚ್ಚುವರಿ ನೀರು ಕೆಳಭಾಗದ ಕೆರೆಗೆ ಹರಿದು ಹೋಗುವಂತಹ ವ್ಯವಸ್ಥೆಯನ್ನು ಮಾಡಲಾಗಿತ್ತು. ಆದರೆ ಇಂದಿನ ದಿನಗಳಲ್ಲಿ ಕೆರೆಗಳ ನಡುವಿನ ಕಾಲುವೆಗಳ ಒತ್ತುವರಿಯಿಂದಾಗಿ ನೀರಿನ ಹರಿಯುವಿಕೆಗೆ ಅಡ್ಡಿ ಉಂಟಾಗಿರುವುದನ್ನು ನಾವು ಕಾಣಬಹುದಾಗಿದೆ.”

37 ಪದ. ಬರೆದಾಗ ಇದು ಗಂಭೀರವಾಗಿದೆ ಅಂತಲೇ ಅನಿಸಿತ್ತು. ರೂಮ್‌ಮೇಟ್‌ಗೆ ಕೊಟ್ಟು ಜೋರಾಗಿ ಓದು ಅಂದೆ. ಮೊದಲ ಸಾಲಿಗೇ ತಡವರಿಸಿದ. “ಕೆರಿ ಕಟ್ಟಿದವ್ರು ಯಾರಂತ ಹುಡುಕಬೇಕಾತು ನೋಡಲೇ” ಅಂದ. ಅವನು ಹೇಳಿದ್ದು ಸರಿ. ‘ಹಿರಿಯರಿಂದ ಮಾಡಲ್ಪಟ್ಟಿದ್ದವು’ ಅಂತ ಮಾತಾಡುವಾಗ ಯಾರೂ ಹೇಳುವುದಿಲ್ಲ. ಅದು ಇಂಗ್ಲಿಷ್ ವಾಕ್ಯಕ್ಕೆ ಕನ್ನಡದ ಅಂಗಿ ತೊಡಿಸಿದ್ದು. ಹಿರಿಯರು ಕಟ್ಟಿದರು, ಮುಗಿಯಿತು. ‘ವ್ಯವಸ್ಥೆಯನ್ನು ಮಾಡಲಾಗಿತ್ತು’ ಅನ್ನುವುದೂ ಅದೇ ಜಾತಿ, ಮಾಡಿದವರು ಮತ್ತೆ ಮಾಯ. ‘ನಾವು ಕಾಣಬಹುದಾಗಿದೆ’ ತೆಗೆದರೆ ಏನೂ ಕಳೆದುಹೋಗುವುದಿಲ್ಲ. ತಿದ್ದಿದ್ದು ಹೀಗೆ:

“ನಮ್ಮ ಹಿರಿಯರು ಕೆರೆಗಳನ್ನು ಸರಪಳಿಯಂತೆ ಕಟ್ಟಿದರು. ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನ ಕೆರೆ ತುಂಬುತ್ತಿತ್ತು. ಈಗ ನಡುವಿನ ಕಾಲುವೆ ಒತ್ತುವರಿಯಾಗಿ ನೀರು ದಾರಿಯಲ್ಲೇ ನಿಂತಿದೆ.”

19 ಪದ. ಇದರಲ್ಲಿ ನನಗೆ ತುಂಬಾ ಖುಷಿ ಕೊಟ್ಟದ್ದು ‘ಕೋಡಿ’. ಕೆರೆ ತುಂಬಿ ಹೆಚ್ಚಾದ ನೀರು ಹೊರಗೆ ಹರಿಯುವುದಕ್ಕೆ ನಮ್ಮ ಊರಲ್ಲಿ ಇರುವುದು ಅದೊಂದೇ ಮಾತು, ಚಿಕ್ಕಂದಿನಿಂದ ಕೇಳಿದ್ದು. ಬರೆಯಲು ಕೂತಾಗ ಮಾತ್ರ ಅದು ನೆನಪಿಗೇ ಬರಲಿಲ್ಲ, ‘ಹೆಚ್ಚುವರಿ ನೀರು ಹರಿದು ಹೋಗುವಂತಹ ವ್ಯವಸ್ಥೆ’ ಬಂತು. ತೂಬು, ಹೂಳು, ನೀರುಗಂಟಿ, ರಾಜಕಾಲುವೆ ಎಲ್ಲವೂ ಹೀಗೆಯೇ. ಪರೀಕ್ಷೆಯ ಕನ್ನಡ ಅಂದರೆ ಬೇರೆಯೇ ಒಂದು ಭಾಷೆ ಅಂದುಕೊಂಡು ಗೊತ್ತಿರುವ ಮಾತನ್ನು ಮನೆಯಲ್ಲೇ ಬಿಟ್ಟು ಬರುತ್ತೇವೆ. ಅದಕ್ಕೇ ನೋಟ್‌ಬುಕ್ಕಿನ ಹಿಂದಿನ ಪುಟಗಳನ್ನು ಊರಿನ ಪದಗಳಿಗೆ ಅಂತಲೇ ಇಟ್ಟಿದ್ದೇನೆ.

ಆ ವಾರವೆಲ್ಲಾ ‘ಲಾಗಿದೆ’, ‘ಲ್ಪಟ್ಟಿದೆ’ ಹುಡುಕಿ ಕೆಂಪು ಪೆನ್ನಿನಲ್ಲಿ ಸುತ್ತು ಹಾಕುವುದೊಂದೇ ಕೆಲಸ. ಬೇರೆ ತಪ್ಪು ಕಂಡರೂ ಮುಟ್ಟಲಿಲ್ಲ. ಎಲ್ಲವನ್ನೂ ಒಟ್ಟಿಗೆ ತಿದ್ದಲು ಹೋದರೆ ಯಾವುದೂ ಮನಸ್ಸಿನಲ್ಲಿ ಉಳಿಯುವುದಿಲ್ಲ. ನಾಲ್ಕನೇ ದಿನದ ಹೊತ್ತಿಗೆ ಬರೆಯುವಾಗಲೇ ಕೈ ತಡೆಯುತ್ತಿತ್ತು. ನಾನು ಕಾಯುತ್ತಿದ್ದದ್ದು ಅದನ್ನೇ. ಹಾಗಂತ ‘ಲಾಗಿದೆ’ ಪೂರ್ತಿ ಬೇಡ ಅಂತಲ್ಲ. ಮಾಡಿದವರು ಯಾರು ಅನ್ನುವುದು ಮುಖ್ಯವಲ್ಲದ ಕಡೆ, ‘ಅರ್ಜಿ ಕರೆಯಲಾಗಿದೆ’ ಅನ್ನುವಂಥಲ್ಲಿ, ಅದು ಸಲ್ಲುತ್ತದೆ.

ವಾಕ್ಯ ಒಂದು ಹದಕ್ಕೆ ಬಂದ ಮೇಲೆ ಜೋಡಣೆಯ ಕಷ್ಟ ಶುರುವಾಯಿತು. ಇದಕ್ಕೆ ನಾನು ಹಿಡಿದದ್ದು ಅಮೆರಿಕದ ಲೇಖಕ, ರಾಜಕಾರಣಿ ಬೆಂಜಮಿನ್ ಫ್ರಾಂಕ್ಲಿನ್ ದಾರಿ. 1706ರಲ್ಲಿ ಬಾಸ್ಟನ್‌ನಲ್ಲಿ ಹುಟ್ಟಿದ ಈತ ಹುಡುಗನಾಗಿದ್ದಾಗ ಅಣ್ಣನ ಅಚ್ಚುಕೂಟದಲ್ಲಿ ಕೆಲಸಕ್ಕಿದ್ದ. ಅವನ ಬರಹ ಓದಿದ ಅಪ್ಪ, ಕಾಗುಣಿತವೆಲ್ಲಾ ಸರಿಯಿದೆ, ಆದರೆ ಜೋಡಣೆ, ಸ್ಪಷ್ಟತೆ, ಸೊಗಸು ಸಾಲದು ಅಂದ. ಹುಡುಗ ಲಂಡನ್ನಿನ ಒಂದು ಪತ್ರಿಕೆಯ ಒಳ್ಳೆಯ ಲೇಖನಗಳನ್ನು ತೆಗೆದುಕೊಂಡ. ಪ್ರತಿ ವಾಕ್ಯದ ತಿರುಳನ್ನು ಒಂದೆರಡು ಪದದಲ್ಲಿ ಗುರುತು ಹಾಕಿಕೊಂಡ. ಕೆಲವು ದಿನ ಬಿಟ್ಟು, ಮೂಲ ನೋಡದೆ, ಆ ಗುರುತುಗಳಿಂದಲೇ ಲೇಖನವನ್ನು ತನ್ನ ಮಾತಿನಲ್ಲಿ ಬರೆದ. ಆಮೇಲೆ ಮೂಲದ ಜೊತೆ ಇಟ್ಟು ತಿದ್ದಿಕೊಂಡ. ಇನ್ನೂ ಮುಂದೆ ಹೋಗಿ ಗುರುತುಗಳನ್ನು ಕಲಸಿಬಿಟ್ಟು, ಕೆಲವು ವಾರಗಳ ನಂತರ ಸರಿಯಾದ ಕ್ರಮಕ್ಕೆ ತರಲು ಕೂರುತ್ತಿದ್ದ. ಇದಕ್ಕೆಲ್ಲಾ ಅವನಿಗೆ ಸಿಗುತ್ತಿದ್ದದ್ದು ಕೆಲಸ ಮುಗಿದ ಮೇಲಿನ ರಾತ್ರಿ, ಬೆಳಗಿನ ಜಾವ ಮತ್ತು ಭಾನುವಾರ. ಕೆಲಸ ಮಾಡಿಕೊಂಡು ಓದುತ್ತಿರುವ ಗೆಳೆಯರು ಇದನ್ನು ನೆನಪಿಟ್ಟುಕೊಳ್ಳಿ.

ನಾನು ಮಾಡಿದ್ದು ಅದರ ಸಣ್ಣ ರೂಪ. ಕನ್ನಡ ದಿನಪತ್ರಿಕೆಯ ಸಂಪಾದಕೀಯ ತೆಗೆದುಕೊಂಡು, ಒಂದೊಂದು ಪ್ಯಾರಾದ ತಿರುಳನ್ನು ಒಂದೊಂದು ಚೀಟಿಯಲ್ಲಿ ಬರೆದು, ಕಲಸಿ ಡಬ್ಬಿಗೆ ಹಾಕುತ್ತಿದ್ದೆ. ಹತ್ತು ದಿನ ಬಿಟ್ಟು ತೆಗೆದು ಜೋಡಿಸುತ್ತಿದ್ದೆ. ಒಂದು ಸಲ ಬೆಳೆ ವಿಮೆಯ ಬಗ್ಗೆ ಬರೆದ ಸಂಪಾದಕೀಯಕ್ಕೆ ನಾನು ಯೋಜನೆಯ ವಿವರವನ್ನು ಮೊದಲು ಇಟ್ಟೆ, ರೈತನ ತೊಂದರೆಯನ್ನು ಕೊನೆಗೆ. ಮೂಲದಲ್ಲಿ ತೊಂದರೆ ಮೊದಲು ಬಂದಿತ್ತು. ಓದುವವರಿಗೆ ಆ ವಿವರ ಯಾಕೆ ಬೇಕು ಅನ್ನುವುದು ಆಗಲೇ ಗೊತ್ತಾಗುತ್ತಿತ್ತು. ಎಷ್ಟೋ ಮಾರ್ಗದರ್ಶಿ ಓದಿದರೂ ತಲೆಗೆ ಹೋಗದ ವಿಷಯ ಆ ಐದು ಚೀಟಿಯಿಂದ ಹೋಯಿತು.

ಕಾಗುಣಿತಕ್ಕೆ ಜಾಸ್ತಿ ಹೇಳಬೇಕಾಗಿಲ್ಲ. ಸ್ವಂತ ತಪ್ಪುಗಳ ಪಟ್ಟಿ ಮಾಡಿ ಗೋಡೆಗೆ ಅಂಟಿಸಿ. ನನ್ನ ಪಟ್ಟಿಯಲ್ಲಿ ಶಬ್ದ (ಶಬ್ಧ ಅಲ್ಲ), ಅಭಿವೃದ್ಧಿ (ಅಭಿವೃದ್ದಿ ಅಲ್ಲ), ಉಚ್ಚಾರಣೆ (ಉಚ್ಛಾರಣೆ ಅಲ್ಲ) ಇವೆ. ‘ಮಧ್ಯಮ ವರ್ಗ’ ಬರೆಯುವಾಗ ಧ ಬದಲು ದ ಬರೆದರೆ ಮದ್ಯದ ನೆನಪು ಬರುತ್ತದೆ, ಅಲ್ವಾ? ಹುಷಾರಾಗಿರಿ.

ವೇಗವನ್ನು ನಾನು ಕೊನೆಗೆ ಇಟ್ಟುಕೊಂಡೆ, ಈಗಲೂ ಅದೇ ಸರಿ ಅನಿಸುತ್ತದೆ. ಒಂದು ಪ್ರಬಂಧಕ್ಕೆ 90 ನಿಮಿಷ. ಯೋಚಿಸಲು 20 ಹೋದರೆ ಉಳಿಯುವುದು 70. 1000 ಪದ ಆಗಬೇಕೆಂದರೆ ನಿಮಿಷಕ್ಕೆ 14ರಿಂದ 15 ಪದ ಬೇಕು. ನನ್ನದು 11 ಇತ್ತು. ‘ಮಾಡಬೇಕಾಗಿರುವುದರಿಂದ’ ಅನ್ನುವುದು ಕನ್ನಡದಲ್ಲಿ ಒಂದೇ ಪದ, ಬರೆದು ನೋಡಿ, ಎಷ್ಟು ಹೊತ್ತು ಹಿಡಿಯುತ್ತದೆ ಅಂತ. ‘ಮಾಡಬೇಕು, ಅದಕ್ಕೇ’ ಅಂತ ವಾಕ್ಯ ಮುರಿದರೆ ಓದಲೂ ಸಲೀಸು, ಕೈಗೂ ಸಲೀಸು. ವಾಕ್ಯ ಚಿಕ್ಕದಾದ ಮೇಲೆ ವೇಗಕ್ಕೆ ಅಂತ ಬೇರೆ ಅಭ್ಯಾಸ ಮಾಡದೆಯೇ 13ಕ್ಕೆ ಬಂದೆ. ಇನ್ನೆರಡು ಬಾಕಿ ಇದೆ.

ಈ ವಾರ ಹಿಡಿದಿರುವುದು ಶುರುವಿನ ಸಾಲು. ದಿನಕ್ಕೊಂದು ವಿಷಯ, ಮೂರು ಶುರು, ‘ಇಂದಿನ ಆಧುನಿಕ ಯುಗ’ ಬರುವ ಹಾಗಿಲ್ಲ. ನಿನ್ನೆಯ ವಿಷಯ ಕುಡಿಯುವ ನೀರು. ಮೊದಲ ಎರಡು ಹಳೇ ರಾಗವೇ ಆದವು. ಮೂರನೆಯದು: “ನಮ್ಮ ಓಣಿಗೆ ನಲ್ಲಿ ನೀರು ಬರುವ ದಿನ ಅವ್ವ ಅಲಾರಂ ಇಟ್ಟುಕೊಂಡು ಮಲಗುತ್ತಾಳೆ.” ಇದರ ಮುಂದಿನ ಸಾಲು ಇನ್ನೂ ಸಿಕ್ಕಿಲ್ಲ. ಇವತ್ತಿನ 15 ನಿಮಿಷ ಅದಕ್ಕೇ.