ಬದುವಿನ ಮೇಲಿನ ಪಿವಿಸಿ ಪೈಪನ್ನು ಪೆಡಸು ಮಾಡುವುದು ಕಾವಲ್ಲ, ಬೆಳಕು

ಪ್ರಶ್ನೆ: ಬೋರ್‌ವೆಲ್‌ನಿಂದ ತೆಂಗಿನ ತೋಟಕ್ಕೆ ಬದುವಿನ ಮೇಲೆ ಬೂದು ಬಣ್ಣದ ಪಿವಿಸಿ ಪೈಪು ಎಳೆದಿದ್ದೇವೆ. ನಾಲ್ಕೈದು ಬೇಸಿಗೆಗೇ ಮೈಯೆಲ್ಲ ಬೆಳ್ಳಗಾಗಿದೆ, ಗುದ್ದಲಿ ತಾಗಿದರೆ ಚೂರಾಗುತ್ತದೆ. ಬಿಸಿಲ ಕಾವಿಗೆ ತಾನೆ ಹೀಗಾಗುವುದು? ಹಾಗಿದ್ದರೆ ಇನ್ನೂ ಜಾಸ್ತಿ ಕಾಯುವ ಕರಿ ಪೈಪು ಹಾಕಿ ಅಂತ ಯಾಕೆ ಹೇಳುತ್ತಾರೆ?

ಉತ್ತರ: ಬೇಸಿಗೆ ಬಂತೆಂದರೆ ನಾಗಮಂಗಲ, ಮಳವಳ್ಳಿ, ತಿ. ನರಸೀಪುರ ಎಲ್ಲ ಕಡೆಯಿಂದಲೂ ಇದೇ ಪ್ರಶ್ನೆ. ಎಷ್ಟು ಸಲ ಉತ್ತರಿಸಿದರೂ ‘ಕಾವಿಗೆ ಒಡೆಯಿತು’ ಎಂಬ ನಂಬಿಕೆ ಮಾತ್ರ ಹೋಗುತ್ತಿಲ್ಲ. ಈ ಸಲ ಬುಡಸಮೇತ ಕೀಳೋಣ.

ಕಾವಿಗೆ ಪಿವಿಸಿ ಏನಾಗುತ್ತದೆಂದು ನಿಮಗೆ ಆಗಲೇ ಗೊತ್ತು. ಕಪ್ಲಿಂಗ್ ಸಿಗದಿದ್ದಾಗ ಪೈಪಿನ ತುದಿಯನ್ನು ಒಣಗರಿಯ ಬೆಂಕಿಯ ಮೇಲೆ ತಿರುಗಿಸುತ್ತ ಕಾಯಿಸಿ, ಮೆತ್ತಗಾದ ಮೇಲೆ ಇನ್ನೊಂದು ಪೈಪಿನ ತುದಿಗೆ ತುರುಕಿ ಬಾಯಿ ಅಗಲ ಮಾಡುತ್ತೀರಿ. ಸುಮಾರು 80 ಡಿಗ್ರಿ ಸೆಲ್ಸಿಯಸ್ ದಾಟಿದರೆ ಪಿವಿಸಿ ಮೆದುವಾಗಿ ಬಗ್ಗುತ್ತದೆ, ಆರಿದರೆ ಮತ್ತೆ ಮೊದಲಿನಂತೆ ಗಟ್ಟಿ. ಬಿಸಿಲಿನಲ್ಲಿ ಬಿದ್ದ ಪೈಪು ಎಂದೂ ಕಾಣದಷ್ಟು ಕಾವು ತಿಂದ ಆ ಜಾಯಿಂಟು ಪುಡಿಯಾಗಿದೆಯೇ? ಇಲ್ಲ. ಕಾವು ಪಿವಿಸಿಯನ್ನು ಮೆದು ಮಾಡುತ್ತದೆ. ನಿಮ್ಮ ದೂರು ಇರುವುದು ಪೈಪು ಪೆಡಸಾಯಿತು ಎಂದು. ಇವೆರಡೂ ಒಂದಕ್ಕೊಂದು ತದ್ವಿರುದ್ಧ.

ಸಾಲದಿದ್ದರೆ ಹಳೆಯ ಪೈಪನ್ನೇ ಹೊರಳಿಸಿ ನೋಡಿ. ಆಕಾಶ ನೋಡುತ್ತಿದ್ದ ಬೆನ್ನು ಬೆಳ್ಳಗಾಗಿರುತ್ತದೆ, ನೆಲಕ್ಕೆ ತಾಗಿದ್ದ ಹೊಟ್ಟೆಯ ಬಣ್ಣ ಹಾಗೇ ಇರುತ್ತದೆ. ಮಧ್ಯಾಹ್ನದ ಹೊತ್ತಿಗೆ ಎರಡೂ ಕಡೆ ಕಾದಿರುತ್ತವೆ, ಬೆಳಕು ಬಿದ್ದದ್ದು ಮಾತ್ರ ಒಂದೇ ಕಡೆಗೆ. ಪಕ್ಕದಲ್ಲೇ ಇರುವ ಡ್ರಿಪ್‌ನ ಕರಿ ಲ್ಯಾಟರಲ್ ಕೈಯಿಟ್ಟರೆ ಚುರ್ರೆನ್ನುವಷ್ಟು ಕಾದರೂ ವರ್ಷಗಟ್ಟಲೆ ಬಗ್ಗುತ್ತಲೇ ಇರುತ್ತದೆ. ಕಾವೇ ಶತ್ರುವಾಗಿದ್ದರೆ ಮೊದಲು ಸಾಯಬೇಕಾದದ್ದು ಅದು.

ಲೆಕ್ಕದಲ್ಲೂ ಇದೇ ಕಾಣುತ್ತದೆ. ಪ್ಲಾಸ್ಟಿಕ್ಕಿನ ಬೆನ್ನೆಲುಬಾದ ಕಾರ್ಬನ್–ಕಾರ್ಬನ್ ಬಂಧ ಮುರಿಯಲು ಮೋಲ್‌ಗೆ (ಅಣುಗಳನ್ನು ಎಣಿಸುವ ರಸಾಯನಶಾಸ್ತ್ರದ ಅಳತೆ) ಸುಮಾರು 350 ಕಿಲೋಜೂಲ್ ಶಕ್ತಿ ಬೇಕು. ಬಿಸಿಲಿನಲ್ಲಿರುವ 300 ನ್ಯಾನೊಮೀಟರ್ ಆಸುಪಾಸಿನ ಅತಿನೇರಳೆ ಕಿರಣದ ಶಕ್ತಿ ಅದೇ ಅಳತೆಯಲ್ಲಿ ಸುಮಾರು 400. ಅರವತ್ತು ಡಿಗ್ರಿಗೆ ಕಾದ ಪೈಪಿನಲ್ಲಿ ಅಣುಗಳ ಕುಲುಕಾಟಕ್ಕೆ ಸಿಗುವುದು 3ಕ್ಕಿಂತ ಕಡಿಮೆ. ಬಂಧ ಕಡಿಯುವ ಕತ್ತಿ ಬೆಳಕಿನ ಕೈಯಲ್ಲಿದೆ. ಕಡಿತ ಶುರುವಾದ ಮೇಲೆ ಆಮ್ಲಜನಕ ನುಗ್ಗಿ ಅದನ್ನು ಮುಂದುವರಿಸುವಾಗ ಕಾವು ಆ ಕೆಲಸವನ್ನು ಚುರುಕು ಮಾಡುತ್ತದೆ, ಅಷ್ಟೇ ಅದರ ಪಾತ್ರ. ಪೈಪಿಗೆ ಗೋಣಿತಾಟು ಸುತ್ತಿ ದಿನಾ ನೀರು ಚಿಮುಕಿಸುವವರಿದ್ದಾರೆ. ಗೋಣಿತಾಟು ಒಳ್ಳೆಯದೇ, ಬೆಳಕು ತಡೆಯುತ್ತದೆ. ನೀರು ಚಿಮುಕಿಸುವ ಶ್ರಮ ಬಿಡಿ.

ಇನ್ನು ಒಳಗಿನ ರಚನೆ. ಪಿವಿಸಿಯ ಒಂದೊಂದು ಅಣುವೂ ಉದ್ದನೆಯ ಸರಪಳಿ. ಪೈಪಿಗೆ ಬಳಸುವ ದರ್ಜೆಯಲ್ಲಿ ಒಂದು ಸರಪಳಿಗೆ ಸುಮಾರು ಸಾವಿರ ಕೊಂಡಿ. ಪೈಪಿನ ಗಟ್ಟಿತನ ಈ ಸರಪಳಿಗಳ ಸಿಕ್ಕಿನಿಂದ ಬರುತ್ತದೆ. ಒತ್ತುಶಾವಿಗೆಯನ್ನು ಬೆರಳಲ್ಲಿ ಎತ್ತಿದರೆ ಉಂಡೆಗೆ ಉಂಡೆಯೇ ಮೇಲೆದ್ದು ಬರುತ್ತದಲ್ಲ, ಅದನ್ನೇ ತುಂಡು ತುಂಡು ಮಾಡಿದರೆ ಉದುರಿಹೋಗುತ್ತದೆ. ಇಲ್ಲಿ ಆಗುವುದೂ ಅದೇ. ಸಾವಿರ ಕೊಂಡಿಯ ನಡುವೆ ಒಂದೇ ಒಂದು ಮುರಿದರೆ ಸರಪಳಿಯ ಉದ್ದ ಅರ್ಧಕ್ಕಿಳಿಯಿತು. ತೂಕದಲ್ಲಿ ವ್ಯತ್ಯಾಸ ಕಾಣುವುದಿಲ್ಲ, ಆದರೆ ಸಿಕ್ಕು ಸಡಿಲವಾಗಿ ಪೆಟ್ಟು ತಾಳುವ ಶಕ್ತಿ ಹೋಗುತ್ತದೆ. ಕೈಗೆ ಅಂಟುವ ಬಿಳಿ ಪುಡಿ, ಮೇಲಿನ ಪ್ಲಾಸ್ಟಿಕ್ ಸವೆದು ಹೊರಬಿದ್ದ ಟೈಟಾನಿಯಂ ಡೈಆಕ್ಸೈಡ್ ಎಂಬ ಬಿಳಿ ಬಣ್ಣದ ಪುಡಿ ಮತ್ತು ಸುಣ್ಣಕಲ್ಲಿನ ಪುಡಿ. ಅಗ್ಗದ ಪೈಪುಗಳಲ್ಲಿ ಈ ಸುಣ್ಣಕಲ್ಲು ಜಾಸ್ತಿ. ಅದು ಪಿವಿಸಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಸಾಂದ್ರ, ಹಾಗಾಗಿ ‘ತೂಕ ಇದೆ, ಒಳ್ಳೆ ಮಾಲು’ ಎಂದು ಅಂಗಡಿಯಲ್ಲಿ ಪೈಪು ಆರಿಸಬೇಡಿ.

ಹಾಳಾಗುವುದು ಹೊರಗಿನ ತೆಳುವಾದ ಪದರ ಮಾತ್ರ. ಅದಕ್ಕೇ ಬೆಳ್ಳಗಾದ ಪೈಪಿನಲ್ಲೂ ನೀರು ಸಲೀಸಾಗಿ ಹರಿಯುತ್ತದೆ, ಒಳಗಿನ ಒತ್ತಡ ತಡೆಯುವ ಶಕ್ತಿ ಬಹುಮಟ್ಟಿಗೆ ಉಳಿದಿರುತ್ತದೆ. ಗುದ್ದಲಿ ತಾಗಿದಾಗ ಪೆಡಸಾದ ಮೇಲ್ಪದರದಲ್ಲಿ ಹುಟ್ಟಿದ ಬಿರುಕು ಒಳಗಿನ ಒಳ್ಳೆಯ ಪಿವಿಸಿಯನ್ನೂ ಸೀಳಿಕೊಂಡು ಹೋಗುತ್ತದೆ. ಮೋಟರ್ ನಡೆಯುತ್ತಿರುವಾಗ ಗೇಟ್‌ವಾಲ್ವನ್ನು ಥಟ್ಟನೆ ಮುಚ್ಚಿದರೆ ನೀರಿನ ಹೊಡೆತಕ್ಕೂ ಇದೇ ಗತಿ.

ಈಗ ಕರಿ ಪೈಪು. ಅದು ಎಚ್‌ಡಿಪಿಇ, ಅಂದರೆ ಹೆಚ್ಚು ಸಾಂದ್ರತೆಯ ಪಾಲಿಥಿನ್. ಅದರ ಸರಪಳಿಗಳಲ್ಲಿ ಒಂದಿಷ್ಟು ಭಾಗ ಒತ್ತಾಗಿ ಮಡಚಿಕೊಂಡು ಹರಳುಗಟ್ಟಿರುತ್ತದೆ, ನಡುವಿನ ಭಾಗ ಕೋಣೆಯ ತಾಪದಲ್ಲೂ ಸಡಿಲ. ಹರಳು ಬಲ ಕೊಡುತ್ತದೆ, ಸಡಿಲ ಭಾಗ ಬಾಗು ಕೊಡುತ್ತದೆ. ಸುರುಳಿ ಸುತ್ತಿ ಗಾಡಿಯಲ್ಲಿ ತರಲು ಆಗುವುದು ಇದರಿಂದ. ಆದರೆ ಬಣ್ಣವಿಲ್ಲದ ಎಚ್‌ಡಿಪಿಇ ಬಿಸಿಲಲ್ಲಿ ಬೇಗ ಹಾಳಾಗುತ್ತದೆ. ಅದನ್ನು ಕಾಪಾಡುವುದು ಕಾರ್ಬನ್ ಬ್ಲ್ಯಾಕ್ ಎಂಬ ನುಣ್ಣನೆಯ ಮಸಿ, ಇಂಥ ಪೈಪಿನ ಭಾರತೀಯ ಮಾನಕ ಐಎಸ್ 4984ರಂತೆ ನೂರಕ್ಕೆ 2ರಿಂದ 3 ಪಾಲು. ಮಸಿ ಅತಿನೇರಳೆ ಕಿರಣವನ್ನು ಮೇಲ್ಮೈಯಲ್ಲೇ ನುಂಗಿ ಶಾಖವಾಗಿ ಬಿಡುತ್ತದೆ. ಕರಿ ಪೈಪನ್ನು ಬಿಸಿ ಮಾಡುವ ಮಸಿಯೇ ಅದಕ್ಕೆ ರಕ್ಷಣೆಯೂ ಹೌದು. ಬರೀ ಕಪ್ಪಗಿದ್ದರೆ ಸಾಲದು, ಮಸಿಯ ಪ್ರಮಾಣ ಸರಿಯಿದ್ದು ಸಮನಾಗಿ ಬೆರೆತಿರಬೇಕು. ಸಗಟಾಗಿ ಕೊಳ್ಳುವ ಸಂಘಗಳು ಮೈಸೂರಿನ ಸಿಪೆಟ್‌ನಂಥ (ಕೇಂದ್ರ ಸರ್ಕಾರದ ಪ್ಲಾಸ್ಟಿಕ್ ತಂತ್ರಜ್ಞಾನ ಸಂಸ್ಥೆ) ಸಂಸ್ಥೆಯಲ್ಲಿ ವಿಚಾರಿಸಿ. ಪೈಪಿನ ಚೂರನ್ನು ಸಾರಜನಕದಲ್ಲಿ ಜೋರಾಗಿ ಕಾಯಿಸಿದರೆ ಪ್ಲಾಸ್ಟಿಕ್ ಹೋಗಿ ಮಸಿ ಉಳಿಯುತ್ತದೆ, ಅದನ್ನು ತೂಗುತ್ತಾರೆ.

ಕಾವಿನ ನಿಜವಾದ ತೊಂದರೆ ಹಿಗ್ಗುವುದು. ತಾಪ 30 ಡಿಗ್ರಿ ಏರಿದರೆ 100 ಮೀಟರ್ ಎಚ್‌ಡಿಪಿಇ ಸುಮಾರು ಅರ್ಧ ಮೀಟರ್ ಉದ್ದವಾಗುತ್ತದೆ. ಮಧ್ಯಾಹ್ನ ಬಿಗಿಯಾಗಿ ಎಳೆದು ಜೋಡಿಸಿದರೆ ರಾತ್ರಿ ಕುಗ್ಗಿ ಜಾಯಿಂಟು ಕಿತ್ತುಬರುತ್ತದೆ. ಅಂಕುಡೊಂಕಾಗಿಯೇ ಹಾಸಿ, ಬೆಳಗ್ಗೆ ತಣ್ಣಗಿದ್ದಾಗ ಜೋಡಿಸಿ.

ಪಿವಿಸಿಯೇ ಬೇಕೆಂದರೆ ಎರಡಡಿ ಆಳದಲ್ಲಿ ಹೂಳಿ. ಮೇಲೆ ಉಳಿಯುವ ಎಲ್ಬೋ, ವಾಲ್ವಿನ ಪಕ್ಕದ ತುಂಡುಗಳನ್ನು ನುಣುಪು ಉಪ್ಪುಕಾಗದದಿಂದ ಉಜ್ಜಿ, ನೀರಿನಲ್ಲಿ ಕಲಸುವ ಬಿಳಿ ಎಮಲ್ಷನ್ ಬಣ್ಣ ಎರಡು ಕೈ ಹೊಡೆಯಿರಿ. ಥಿನ್ನರ್ ಬೆರೆಸಿದ ಬಣ್ಣ ಪಿವಿಸಿಗೆ ಬೇಡ.

ಥಿನ್ನರ್ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುವುದು ಒಳ್ಳೆಯದು: ಪಿವಿಸಿ ಸಲ್ಯೂಷನ್ ಕರಿ ಪೈಪಿಗೆ ಯಾಕೆ ಹಿಡಿಯುವುದಿಲ್ಲ? ಸಲ್ಯೂಷನ್ ಬರೀ ಗೋಂದಲ್ಲ. ಅದರಲ್ಲಿರುವ ಟೆಟ್ರಾಹೈಡ್ರೊಫ್ಯೂರಾನ್, ಸೈಕ್ಲೊಹೆಕ್ಸನೋನ್‌ನಂಥ ದ್ರಾವಕಗಳು ಎರಡೂ ಮೇಲ್ಮೈಗಳನ್ನು ಕರಗಿಸುತ್ತವೆ, ಸರಪಳಿಗಳು ಒಂದರೊಳಗೊಂದು ಹೆಣೆದುಕೊಂಡು ದ್ರಾವಕ ಆರಿದ ಮೇಲೆ ಒಂದೇ ತುಂಡಾಗುತ್ತವೆ. ಅದಕ್ಕೇ ತೆಳ್ಳಗೆ ಹಚ್ಚಿ, ಕಾಲು ಸುತ್ತು ತಿರುಗಿಸಿ ಒತ್ತಿ, ಅರ್ಧ ನಿಮಿಷ ಹಿಡಿದು, ಒಂದು ದಿನ ನೀರು ಬಿಡದೆ ಇಡಬೇಕು. ದಪ್ಪ ಸುರಿದರೆ ಒಳಗೆ ನಿಂತು ಗೋಡೆಯನ್ನೇ ಮೆದು ಮಾಡುತ್ತದೆ. ಬೆಳ್ಳಗಾದ ಹಳೆಯ ಪೈಪಿಗೆ ಹಚ್ಚುವಾಗ ಮೊದಲು ಪುಡಿಯನ್ನು ಉಜ್ಜಿ ತೆಗೆಯದಿದ್ದರೆ ಸಲ್ಯೂಷನ್ ಹಿಡಿಯುವುದು ಪುಡಿಗೆ, ಪೈಪಿಗಲ್ಲ.

ಎಚ್‌ಡಿಪಿಇಯ ಒತ್ತಾದ ಹರಳಿನೊಳಗೆ ಕೋಣೆಯ ತಾಪದಲ್ಲಿ ಈ ಯಾವ ದ್ರಾವಕವೂ ನುಗ್ಗಲಾರದು. ಹರಳು ಕರಗಲು ಸುಮಾರು 130 ಡಿಗ್ರಿ ಬೇಕು. ಹಾಗಾಗಿ 200 ಡಿಗ್ರಿ ದಾಟಿಸಿದ ತಟ್ಟೆಗೆ ಎರಡೂ ತುದಿಗಳನ್ನು ಒತ್ತಿ, ಕರಗಿದೊಡನೆ ತಟ್ಟೆ ತೆಗೆದು ಒಂದಕ್ಕೊಂದು ಒತ್ತಿ ಹಿಡಿಯುತ್ತಾರೆ. ಸಣ್ಣ ಪೈಪಾದರೆ ಕಂಪ್ರೆಷನ್ ಫಿಟ್ಟಿಂಗ್ ಸಾಕು. ಬೆಸೆಯುವ ಮುನ್ನ ತುದಿಯನ್ನು ಹೆರೆದು ಹೊಸ ಮೈ ಬರಿಸಲೇಬೇಕು. ಗಾಳಿ ಬಿಸಿಲಿಗೆ ಆಕ್ಸೀಕರಣವಾದ ಪದರ ಕಣ್ಣಿಗೆ ಕಾಣದಿದ್ದರೂ ನಡುವೆ ಉಳಿದರೆ, ಮೋಟರ್ ಹಾಕಿದ ದಿನ ಜಾಯಿಂಟು ಅಲ್ಲೇ ಬಾಯಿ ಬಿಡುತ್ತದೆ.